ಅಂಬಿಗನು ಕೇಳಿದ ಪ್ರಶ್ನೆ

ಕಳೆದ ಬೇಸಗೆಯಲ್ಲಿ ನಾವು ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿಗೆ ಹೋಗಿದ್ದೆವು. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಮೈಸೂರು ಸಂಸ್ಥಾನವು ಪಕ್ಷಿಧಾಮವೆಂದು ಸಾರಿದ ಕಾವೇರಿಯ ಆ ನಡುಗಡ್ಡೆಗಳ ಹಿರಿಮೆಯನ್ನು ವಾಚಕರಿಗೆ ನಾವು ಹೊಸದಾಗಿ ಹೇಳಬೇಕಾದುದಿಲ್ಲ. ನಮ್ಮ ದೋಣಿಯಲ್ಲಿ ಫಿರಂಗಿಯಂತಹ ಟೆಲಿಫೋಟೋ ಲೆನ್ಸನ್ನು ಹೊತ್ತ ಮಹನೀಯರೊಬ್ಬರಿದ್ದರು. ಬಂಡೆಯ ಮೇಲೆ ನದಿ ರೀವವೊಂದು ಕಾವು ಕುಳಿತಿರುವುದನ್ನು ಕಂಡೊಡನೆ ಅವರು ದೋಣಿಯನ್ನು ಇನ್ನಷ್ಟು ಹತ್ತಿರಕ್ಕೆ ಒಯ್ಯಬೇಕೆಂದು ಒತ್ತಾಯಪಡಿಸಿದರು. ಅಂಬಿಗನು ಹುಟ್ಟು ಹಾಕುವುದನ್ನು ನಿಲ್ಲಿಸಿ, "ಹತ್ರ ಹೋದ್ರೆ ಹಕ್ಕಿ ಎದ್ದೋಯ್ತದೆ ಸ್ವಾಮಿ. ಈ ಬಿಸಿಲಿಗೆ ಮೊಟ್ಟೆ ಬೆಂದೋಯ್ತವೆ. ಅಷ್ಟುದ್ದದ ಕ್ಯಾಮರಾ ಮಡಿಕ್ಕೊಂಡು ಹತ್ರ ಯಾಕೆ ಹೋಗ್ಬೇಕು?" ಎಂದನು.

ಮಹನೀಯರು ಮುಖ ಗಂಟಿಕ್ಕಿದರು. ನಮಗಾದರೋ ಆ ಪ್ರಶ್ನೆಯು ಅಂದಿನಿಂದ ಮನಸ್ಸನ್ನು ಬಿಟ್ಟಿಲ್ಲ.

ಅಂಬಿಗನ ಮಾತು ಅಕ್ಷರಶಃ ಸತ್ಯವಾದುದು. ನದಿ ರೀವವು ಕಡ್ಡಿಗಳನ್ನು ಕೂಡಿಸಿ ಗೂಡು ಕಟ್ಟುವ ಹಕ್ಕಿಯಲ್ಲ. ಬರಿಯ ಮರಳಿನಲ್ಲೋ ಬಂಡೆಯ ಮೇಲೋ ಮೊಟ್ಟೆಯಿಡುವುದು. ನಡುಹಗಲಿನಲ್ಲಿ ಅದು ಕುಳಿತಿರುವುದು ಮೊಟ್ಟೆಗೆ ಕಾವು ಕೊಡುವುದಕ್ಕಲ್ಲ, ನೆರಳು ಕೊಡುವುದಕ್ಕೆ. ನಮ್ಮ ಕುತೂಹಲಕ್ಕಾಗಿ ಅದು ಎದ್ದುಹೋದ ಹೊತ್ತಿನಲ್ಲಿ ಬಿಸಿಲು ತನ್ನ ಕೆಲಸವನ್ನು ಮಾಡುವುದು; ಉಳಿದುದನ್ನು ಕಾಗೆಯು ಪೂರೈಸುವುದು.

ಟೆಲಿಫೋಟೋ ಲೆನ್ಸು ಹುಟ್ಟಿದುದಾದರೂ ಏತಕ್ಕೆ? ಮುಂದೆ ಉಬ್ಬುಗಾಜು, ಹಿಂದೆ ತಗ್ಗುಗಾಜು ಇವೆರಡನ್ನೂ ಹೊಂದಿಸಿ, ದೂರದ ವಸ್ತುವನ್ನು ಹಿರಿದಾಗಿ ತೋರಿಸುವ ಈ ಉಪಕರಣವು 1891ರಲ್ಲಿ ಇಂಗ್ಲೆಂಡಿನಲ್ಲಿಯೂ ಜರ್ಮನಿಯಲ್ಲಿಯೂ ರೂಪುಗೊಂಡಿತು. 50 ಮಿಲಿಮೀಟರಿನ ಸಾಧಾರಣ ಲೆನ್ಸಿನಿಂದ 3 ಮೀಟರು ದೂರದಲ್ಲಿ ದೊರೆಯುವಷ್ಟೇ ದೊಡ್ಡ ಬಿಂಬವು 500 ಮಿಲಿಮೀಟರಿನ ಲೆನ್ಸಿನಿಂದ 30 ಮೀಟರು ದೂರದಲ್ಲಿ ದೊರೆಯುವುದು. ಎಂದರೆ, ಆ ಭಾರವಾದ ಗಾಜಿಗೆ ನಾವು ಲಕ್ಷಗಟ್ಟಲೆ ರೂಪಾಯಿ ತೆತ್ತು ಕೊಳ್ಳುವುದು ಮುಖ್ಯವಾಗಿ ದೂರವನ್ನು. ಕೊಂಡ ದೂರವನ್ನು ಬಿಸುಟು ಪುನಃ ಗೂಡಿನ ಬಾಯಿಗೇ ಹೋಗಿ ನಿಲ್ಲುವುದು ಎಂತಹ ವಿವೇಕ?

ಈ ವಿದ್ಯೆಯ ಪೂರ್ವಿಕರ ಕಥೆಯನ್ನು ನಮ್ಮ ತರುಣರು ಅರಿಯಬೇಕು. ಇಂಗ್ಲೆಂಡಿನ ರಿಚರ್ಡ್ ಮತ್ತು ಚೆರಿ ಕಿಯರ್ಟನ್ ಎಂಬ ಸೋದರರು 1892ರಲ್ಲಿ ಮೊಟ್ಟೆಗಳಿದ್ದ ಗೂಡೊಂದರ ಛಾಯಾಚಿತ್ರವನ್ನು ತೆಗೆದರು. ಹಕ್ಕಿಗಳು ಬೆದರಬಾರದೆಂದು ಅವರು ಎತ್ತಿನ ಚರ್ಮದಿಂದ ಪೊಳ್ಳು ಎತ್ತೊಂದನ್ನು ಮಾಡಿಸಿ, ಅದರ ಹೊಟ್ಟೆಯಲ್ಲಿ ಅಡಗಿ ಕುಳಿತರು. ಇಂದಿನ ಸಲಕರಣೆಯೊಂದೂ ಅವರಿಗಿರಲಿಲ್ಲ, ಇದ್ದುದು ತಾಳ್ಮೆ. ಇಂದು ನಿಮಿಷಕ್ಕೆ ನೂರಾರು ಚಿತ್ರಗಳನ್ನು ಸೆರೆಹಿಡಿಯಬಲ್ಲವರು, ಬೆಳಕು ಬೀಳಲೆಂದು ಗೂಡಿನ ಸುತ್ತಲ ಎಲೆಗಳನ್ನು ಕತ್ತರಿಸುವುದೂ, ಕೂಗಿನ ಧ್ವನಿಮುದ್ರಣವನ್ನು ಮತ್ತೆ ಮತ್ತೆ ನುಡಿಸಿ ಹಕ್ಕಿಯನ್ನು ಹೊರಕ್ಕೆಳೆಯುವುದೂ ಉಂಟು. ಎಲೆಯನ್ನು ಕತ್ತರಿಸಿದವನು ಚಿತ್ರದೊಡನೆ ಊರಿಗೆ ಮರಳುವನು. ಮರೆಗೆಟ್ಟ ಮರಿಯು ಹದ್ದಿನ ಕಣ್ಣಿಗೆ ಬೀಳುವುದು.

"ನಾವು ಕೋವಿ ಹಿಡಿದವರಲ್ಲ, ಕ್ಯಾಮರಾ ಹಿಡಿದವರು" ಎಂಬ ಸಮಾಧಾನವನ್ನು ಕೆಲವರು ಹೇಳುವುದುಂಟು. ಅಂತಹವರು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯನ್ನು ಒಮ್ಮೆ ಓದಬೇಕು. ಕಾಡುಹಕ್ಕಿಯ ಮೊಟ್ಟೆಯನ್ನಾಗಲಿ ಗೂಡನ್ನಾಗಲಿ ಕದಡುವುದನ್ನು ಆ ಕಾಯಿದೆಯು 'ಬೇಟೆ' ಎಂಬ ಪದದ ಅರ್ಥದಲ್ಲಿಯೇ ಸೇರಿಸಿದೆ. ಗುಂಡಿನ ಸದ್ದಿಲ್ಲದ ಮಾತ್ರಕ್ಕೆ ಬೇಟೆಯು ಬೇಟೆಯಲ್ಲದೆ ಹೋಗದು.

ಹಾಗೆಂದು ಈ ಕಲೆಯನ್ನೇ ನಾವು ಹಳಿಯುತ್ತೇವೆಂದು ಯಾರೂ ಭಾವಿಸಬಾರದು. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ಸೀಮೆಯಲ್ಲಿ ಕಾದು ಕುಳಿತು ತೆಗೆದ ಚಿತ್ರಗಳೂ ಅವರ ಬರೆವಣಿಗೆಯೂ ಎಷ್ಟೋ ಕನ್ನಡಿಗರ ಕಣ್ಣನ್ನು ಮರದ ಕೊಂಬೆಯ ಕಡೆಗೆ ತಿರುಗಿಸಿದುವು. ನೋಡದುದನ್ನು ಜನರು ಪ್ರೀತಿಸಲಾರರು, ಪ್ರೀತಿಸದುದನ್ನು ಉಳಿಸಲಾರರು. ಆದುದರಿಂದ ಚಿತ್ರವು ಬೇಕು. ಆದರೆ ಚಿತ್ರ ತೆಗೆದಾದ ಮೇಲೆಯೂ ಹಕ್ಕಿಯು ತಾನು ಮಾಡುತ್ತಿದ್ದ ಕೆಲಸವನ್ನೇ ಮಾಡುತ್ತಿರಬೇಕು. ಅದು ಕತ್ತೆತ್ತಿ ನಮ್ಮನ್ನು ದಿಟ್ಟಿಸಿತೆಂದರೆ ಅಲ್ಲಿಯೇ ನಿಲ್ಲತಕ್ಕದ್ದು. ಎದ್ದು ಕೂಗಿತೆಂದರೆ ಹಿಂದಿರುಗತಕ್ಕದ್ದು.

ತಪ್ಪು ಚಿತ್ರಗಾರರೊಬ್ಬರದೇ ಎಂದು ಹೇಳಲು ನಮ್ಮ ಮನಸ್ಸಾಕ್ಷಿಯು ಒಪ್ಪದು. ಬಾಯ್ದೆರೆದ ಮರಿಗಳಿಗೆ ತಾಯಿಯು ಗುಟುಕು ಕೊಡುವ ಚಿತ್ರವನ್ನು ಇದೇ ಪತ್ರಿಕೆಯು ಸಂತೋಷದಿಂದ ಅಚ್ಚು ಹಾಕಿರುವುದುಂಟು. ಅದನ್ನು ಹೇಗೆ ತೆಗೆದರೆಂದು ನಾವು ಒಮ್ಮೆಯೂ ವಿಚಾರಿಸಲಿಲ್ಲ. ನಾವು ಮೆಚ್ಚಿದುದರಿಂದಲೇ ಮತ್ತೊಬ್ಬರು ಮತ್ತೊಂದು ಗೂಡನ್ನು ಅರಸಿ ಹೋಗಿರಬಹುದು. ಇನ್ನು ಮುಂದೆ ಗೂಡಿನ ಚಿತ್ರಕ್ಕೆ ಈ ಪುಟಗಳಲ್ಲಿ ಎಡೆಯಿಲ್ಲ. ಹೊಳೆಯ ಮೇಲೆ ಹಾರುವ ರೀವದ ಚಿತ್ರವನ್ನು ಕಳುಹಿಸುವವರಿಗೆ ಹೃತ್ಪೂರ್ವಕ ಸ್ವಾಗತವುಂಟು. ಅವರಿಗೆ ನಾವು ಕೇಳುವುದೂ ಅಂಬಿಗನು ಕೇಳಿದ ಪ್ರಶ್ನೆಯನ್ನೇ: ಅಷ್ಟುದ್ದದ ಕ್ಯಾಮರಾ ಇರುವಾಗ ಹತ್ತಿರ ಹೋಗಬೇಕೇಕೆ?