ಉಪಾಧ್ಯಾಯರ ಶಿಕ್ಷಣವೂ ವಿಶ್ವವಿದ್ಯಾನಿಲಯವೂ

ಕಾಳಿದಾಸನ ‘ಮಾಳವಿಕಾಗ್ನಿಮಿತ್ರ’ದಲ್ಲಿ ಇಬ್ಬರು ನಾಟ್ಯಾಚಾರ್ಯರಿಗೆ ವಿವಾದ ಹುಟ್ಟುತ್ತದೆ. ಇಬ್ಬರಲ್ಲಿ ಮೇಲಾದವರು ಯಾರು? ತೀರ್ಪು ಹೇಳಬೇಕಾದ ಪರಿವ್ರಾಜಿಕೆ ಕೌಶಿಕಿಯು ಆಚಾರ್ಯರನ್ನು ಕುಣಿಸಿ ನೋಡುವುದಿಲ್ಲ. ಅವರ ಶಿಷ್ಯೆಯರ ನಾಟ್ಯವನ್ನು ನೋಡಬೇಕೆನ್ನುತ್ತಾಳೆ. ವಿದ್ಯೆ ತನ್ನಲ್ಲಿರುವುದು ಒಂದು, ಅದನ್ನು ಇನ್ನೊಬ್ಬರಲ್ಲಿ ನೆಲೆಗೊಳಿಸುವುದು ಮತ್ತೊಂದು. ಎರಡೂ ಬಲ್ಲವರಿಗೇ ಗುರುಗಳ ಸಾಲಿನಲ್ಲಿ ಅಗ್ರಸ್ಥಾನವೆಂಬುದು ಆಕೆಯ ಅಭಿಪ್ರಾಯ.

ಇವೆರಡರಲ್ಲಿ ಮೊದಲನೆಯದನ್ನು ನಮ್ಮ ವಿಶ್ವವಿದ್ಯಾನಿಲಯಗಳು ಬಹುಕಾಲದಿಂದ ಕೊಡುತ್ತ ಬಂದಿವೆ. ಎರಡನೆಯದನ್ನೂ ಅವು ಕೊಡಬಲ್ಲವೆ? ಕಲಿಸುವುದು ಹುಟ್ಟುಗುಣ, ಅದಕ್ಕೊಂದು ಪದವಿ ಏಕೆ ಎಂದು ಕೇಳುವವರು ಇಂದಿಗೂ ಇದ್ದಾರೆ. ಮಕ್ಕಳನ್ನು ಶಾಲೆಗೆ ಕಳುಹಿಸುವ ಪ್ರತಿಯೊಬ್ಬ ತಾಯಿತಂದೆಯರೂ ಯೋಚಿಸಬೇಕಾದ ಪ್ರಶ್ನೆ ಇದು.

ಕಲಿಸುವ ಕಲೆಯನ್ನು ವಿಶ್ವವಿದ್ಯಾನಿಲಯದೊಳಗೆ ತಂದವರಲ್ಲಿ ಜರ್ಮನಿಯ ಹರ್ಬಾರ್ಟ್ ಮುಖ್ಯನು. 1809ರಲ್ಲಿ ಅವನು ಕ್ಯೋನಿಗ್ಸ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ, ತತ್ತ್ವಜ್ಞಾನಿ ಕಾಂಟನು ಹಿಂದೆ ಅಲಂಕರಿಸಿದ್ದ ಪೀಠಕ್ಕೆ ಬಂದನು. ಶಿಕ್ಷಣವನ್ನು ಕುರಿತು ಉಪನ್ಯಾಸ ಮಾಡಿದ್ದಷ್ಟೇ ಅಲ್ಲ, ಮುಂದೆ ಉಪಾಧ್ಯಾಯರಾಗುವವರು ಪಾಠಮಾಡಿ ನೋಡಲೆಂದು ಪುಟ್ಟದೊಂದು ಶಾಲೆಯನ್ನೂ ಜೊತೆಗೆ ನಡೆಸಿದನು. ಅಮೆರಿಕದಲ್ಲಿ ಜಾನ್ ಡ್ಯೂಯಿ 1896ರಲ್ಲಿ ಷಿಕಾಗೊ ವಿಶ್ವವಿದ್ಯಾನಿಲಯಕ್ಕೆ ಸೇರಿದಂತೆ ಒಂದು ಶಾಲೆಯನ್ನು ತೆರೆದನು. ಭೌತಶಾಸ್ತ್ರಕ್ಕೆ ಪ್ರಯೋಗಶಾಲೆ ಹೇಗೋ, ಶಿಕ್ಷಣಶಾಸ್ತ್ರಕ್ಕೆ ಶಾಲೆ ಹಾಗೆ ಎಂಬುದು ಅವನ ವಾದ.

ಹರ್ಬಾರ್ಟನ ವಿಚಾರಗಳನ್ನು ಅವನ ತರುವಾಯ ಜಿಲ್ಲರ್, ರೈನ್ ಮೊದಲಾದ ಅನುಯಾಯಿಗಳು ಐದು ಮೆಟ್ಟಿಲುಗಳಾಗಿ ಜೋಡಿಸಿದರು: ಪೂರ್ವಸಿದ್ಧತೆ, ನಿರೂಪಣೆ, ಹೋಲಿಕೆ, ಸಾಮಾನ್ಯೀಕರಣ, ಅನ್ವಯ. ನಮ್ಮ ಟ್ರೈನಿಂಗ್ ಕಾಲೇಜುಗಳಲ್ಲಿ ಪಾಠಟಿಪ್ಪಣಿ ಬರೆದ ಹಲವು ತಲೆಮಾರುಗಳಿಗೆ ಈ ಪಂಚಸೋಪಾನ ಕಂಠಪಾಠವಾಗಿತ್ತು. ಮೆಟ್ಟಿಲುಗಳೇನೋ ಸಮುದ್ರ ದಾಟಿ ಬಂದವು. ಅವುಗಳ ಜೊತೆಗಿದ್ದ ಶಾಲೆ ಮಾತ್ರ ಎಲ್ಲೆಡೆಗೂ ಬರಲಿಲ್ಲ.

ನಮ್ಮ ದೇಶದಲ್ಲಿ ಈ ಕೆಲಸ ವಿಶ್ವವಿದ್ಯಾನಿಲಯದ ಹೊರಗೇ ಆರಂಭವಾಯಿತು. 1854ರ ವುಡ್ಡನ ಪತ್ರವು ಉಪಾಧ್ಯಾಯರ ತರಬೇತಿಯ ಅಗತ್ಯವನ್ನು ಒತ್ತಿ ಹೇಳಿತು. ಮದರಾಸಿನಲ್ಲಿ 1856ರಲ್ಲಿ ನಾರ್ಮಲ್ ಸ್ಕೂಲ್ ತೆರೆಯಿತು. ಮರುವರ್ಷವೇ ಮೂರು ವಿಶ್ವವಿದ್ಯಾನಿಲಯಗಳು ಹುಟ್ಟಿದರೂ ಶಿಕ್ಷಣವು ಅಲ್ಲಿ ಒಂದು ಶಾಸ್ತ್ರವಾಗಿ ಬೆಳೆಯಲು ಬಹುಕಾಲ ಹಿಡಿಯಿತು. 1917ರಲ್ಲಿ ನೇಮಕವಾದ ಸ್ಯಾಡ್ಲರ್ ಆಯೋಗವು ಕಲ್ಕತ್ತ ಮತ್ತು ಢಾಕಾ ವಿಶ್ವವಿದ್ಯಾನಿಲಯಗಳಲ್ಲಿ ಶಿಕ್ಷಣದ ವಿಭಾಗಗಳಿರಬೇಕೆಂದು ಸಲಹೆಮಾಡಿತು. ಸ್ವಾತಂತ್ರ್ಯಾನಂತರ 1964ರಿಂದ 1966ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವು ರೋಗದ ಮೂಲವನ್ನೇ ಗುರುತಿಸಿತು. ತರಬೇತಿ ಸಂಸ್ಥೆಗಳು ಮೂರು ಬಗೆಯಲ್ಲಿ ಒಂಟಿಯಾಗಿವೆ ಎಂದಿತು: ವಿಶ್ವವಿದ್ಯಾನಿಲಯದ ವಿದ್ವತ್ತಿನಿಂದ ದೂರ, ಶಾಲೆಗಳ ದಿನನಿತ್ಯದ ಬದುಕಿನಿಂದ ದೂರ, ಪರಸ್ಪರ ಒಂದರಿಂದ ಒಂದು ದೂರ.

ಈ ಒಂಟಿತನ ಎಂತಹುದೆಂಬುದನ್ನು ನಾನು ಸ್ವತಃ ಬಲ್ಲೆ. ನಾನು ಬಿ.ಎಡ್. ಓದಿದ ಕಾಲಕ್ಕೆ ಅದು ಒಂದು ವರ್ಷದ ವ್ಯಾಸಂಗ. ಅಭ್ಯಾಸಪಾಠಕ್ಕೆಂದು ನನ್ನನ್ನು ಒಂದು ಪ್ರೌಢಶಾಲೆಗೆ ಕಳುಹಿಸಿದರು. ಒಂಬತ್ತನೆಯ ತರಗತಿಗೆ ಹಳಗನ್ನಡದ ಒಂದು ಕಂದಪದ್ಯ. ಐದು ಮೆಟ್ಟಿಲನ್ನೂ ಹತ್ತಿ ಇಳಿದೆ. ಬಣ್ಣದ ಸೀಮೆಸುಣ್ಣದಲ್ಲಿ ಗಣವಿಭಾಗ ಮಾಡಿದೆ. ಮೇಲ್ವಿಚಾರಕರು ಹಿಂದಿನ ಬೆಂಚಿನಲ್ಲಿ ಹತ್ತು ನಿಮಿಷ ಕುಳಿತು, ಟಿಪ್ಪಣಿ ಪುಸ್ತಕದಲ್ಲಿ ‘ಉತ್ತಮ’ ಎಂದು ಬರೆದು ಹೋದರು. ಗಂಟೆ ಹೊಡೆದ ಮೇಲೆ ಹುಡುಗನೊಬ್ಬನು ಬಂದು ಬಲು ವಿನಯದಿಂದ ಕೇಳಿದನು: “ಸಾರ್, ಈ ಪದ್ಯಾನ ನಮ್ಮ ಮೇಷ್ಟ್ರು ಮತ್ತೆ ಮಾಡ್ತಾರಲ್ವ?”

ಆ ಮಾತಿನಲ್ಲಿ ಕುಚೋದ್ಯವಿರಲಿಲ್ಲ. ವರ್ಷವರ್ಷವೂ ಬಂದುಹೋಗುವ ನಮ್ಮಂಥವರ ಪಾಠ ನಿಜವಾದ ಪಾಠವಲ್ಲ, ಮರುದಿನ ನಿಜವಾದದ್ದು ನಡೆಯುತ್ತದೆ ಎಂಬುದು ಆ ಮಕ್ಕಳ ಅನುಭವವಾಗಿತ್ತು. ನನಗೆ ‘ಉತ್ತಮ’ ದೊರೆಯಿತು. ಆ ಮಗುವಿಗೆ ಏನು ದೊರೆಯಿತೆಂದು ಕೇಳಿದವರಿಲ್ಲ.

ಶಾಲೆಯನ್ನೂ ವಿಶ್ವವಿದ್ಯಾನಿಲಯವನ್ನೂ ಬೆಸೆಯುವ ಪ್ರಯತ್ನಗಳು ನಡೆದೇ ಇಲ್ಲವೆಂದಲ್ಲ. ಅವುಗಳಲ್ಲಿ ಒಂದು ನಮ್ಮ ಮೈಸೂರಿನಲ್ಲೇ ಇದೆ. ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಲಿಯು 1963ರಲ್ಲಿ ಅಜ್ಮೀರ, ಭೋಪಾಲ, ಭುವನೇಶ್ವರ ಮತ್ತು ಮೈಸೂರುಗಳಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜುಗಳನ್ನು ಸ್ಥಾಪಿಸಿತು. ಇಂದು ಅವನ್ನು ಪ್ರಾದೇಶಿಕ ಶಿಕ್ಷಣ ಸಂಸ್ಥೆಗಳೆನ್ನುತ್ತೇವೆ. ಮೊದಲು ವಿಷಯವನ್ನು ಓದಿ ಮುಗಿಸಿ ಆಮೇಲೆ ಬೋಧನಕ್ರಮವನ್ನು ಅಂಟಿಸಿಕೊಳ್ಳುವ ಬದಲು, ಎರಡನ್ನೂ ನಾಲ್ಕು ವರ್ಷ ಒಟ್ಟಿಗೆ ಕಲಿಯುವ ಬಿ.ಎಸ್‌ಸಿ. ಎಡ್.ನಂತಹ ವ್ಯಾಸಂಗಗಳು ಅಲ್ಲಿ ಬೆಳೆದವು. ಮೈಸೂರಿನ ಸಂಸ್ಥೆಗೆ ಮಾನಸಗಂಗೋತ್ರಿಯ ನೆರೆ ಒಂದು ಕಡೆ, ತನ್ನ ಆವರಣದಲ್ಲೇ ಇರುವ ಪ್ರಾತ್ಯಕ್ಷಿಕ ಶಾಲೆ ಇನ್ನೊಂದು ಕಡೆ.

ಇನ್ನು ಶಿಕ್ಷಣವನ್ನು ಶಾಸ್ತ್ರವಾಗಿ ಅಭ್ಯಸಿಸುವ ಮಾತು. ಬಿ.ಎಡ್. ಪದವಿಯ ಉದ್ದೇಶ ಉಪಾಧ್ಯಾಯರನ್ನು ಸಿದ್ಧಗೊಳಿಸುವುದು. ಎಂ.ಎಡ್. ಮತ್ತು ಪಿಎಚ್.ಡಿ.ಗಳು ಕಲಿಕೆಯನ್ನೇ ಸಂಶೋಧಿಸುವವರಿಗೆ, ಉಪಾಧ್ಯಾಯರಿಗೆ ಉಪಾಧ್ಯಾಯರಾಗುವವರಿಗೆ. ಶಿಕ್ಷಣ ವಿಷಯದ ಎಂ.ಎ. ಪದವಿಯೊಂದರಿಂದಲೇ ಪ್ರೌಢಶಾಲೆಯಲ್ಲಿ ಪಾಠ ಹೇಳುವ ಅರ್ಹತೆ ಬರುವುದಿಲ್ಲವೆಂಬುದನ್ನು ತಿಳಿಯದೆ ಸೇರಿ ಪರಿತಪಿಸುವವರುಂಟು. ಸೇರುವ ಮೊದಲೇ ವಿಚಾರಿಸಿಕೊಳ್ಳುವುದು ಲೇಸು. ಬರೋಡ ವಿಶ್ವವಿದ್ಯಾನಿಲಯದ ಉನ್ನತಾಧ್ಯಯನ ಕೇಂದ್ರವು ಭಾರತದ ಶೈಕ್ಷಣಿಕ ಸಂಶೋಧನೆಗಳ ಸಮೀಕ್ಷೆಯೊಂದನ್ನು 1974ರಲ್ಲಿ ಹೊರತಂದು, ಚದುರಿಬಿದ್ದಿದ್ದ ಕೆಲಸವನ್ನು ಒಂದೆಡೆ ಕಾಣಿಸಿತು.

ಇಂತಹ ಸಂಶೋಧನೆಯಿಂದ ಹಳ್ಳಿಯ ಶಾಲೆಗೇನು ಲಾಭ ಎಂದು ನಾನೂ ಒಂದು ಕಾಲದಲ್ಲಿ ಕೇಳುತ್ತಿದ್ದೆ. ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಗೆ ತರಬೇತಿಗಾಗಿ ಬಂದ ತರುಣಿಯೊಬ್ಬಳು ನನಗೆ ಉತ್ತರ ಕೊಟ್ಟಳು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ‘ಹಳ್ಳಿ’ಯನ್ನು ‘ಅಳ್ಳಿ’ ಎಂದೂ ‘ಆಸೆ’ಯನ್ನು ‘ಹಾಸೆ’ ಎಂದೂ ಬರೆಯುತ್ತಿದ್ದಳು. ನಾನು ಕೆಂಪು ಶಾಯಿಯಲ್ಲಿ ಗೀಟು ಹಾಕಿ ಹತ್ತು ಹತ್ತು ಸಲ ಬರೆಸುತ್ತಿದ್ದೆ. ಅಲಕ್ಷ್ಯದ ಹುಡುಗಿ ಎಂದು ತೀರ್ಮಾನಿಸಿದ್ದೆ. ಆ ತರುಣಿಯು ಅವಳ ನೋಟ್‌ಪುಸ್ತಕಗಳಿಂದ ತಪ್ಪುಗಳನ್ನೆಲ್ಲ ಆಯ್ದು ಪಟ್ಟಿಮಾಡಿದಳು. ನೋಡಿದರೆ ತಪ್ಪಿಗೂ ಒಂದು ನಿಯಮವಿತ್ತು! ಮನೆಯ ಮಾತಿನಲ್ಲಿ ಹಕಾರವಿಲ್ಲ. ಆದ್ದರಿಂದ ಕೇಳಿದಂತೆ ಬರೆದಾಗ ಹಕಾರ ಬೀಳುತ್ತಿತ್ತು. ತಿದ್ದಿಸಿಕೊಂಡ ಭಯದಲ್ಲಿ ಇಲ್ಲದ ಕಡೆಯೂ ಬಂದು ಸೇರುತ್ತಿತ್ತು. ಆಕೆ ಇದನ್ನು ಕಾಲೇಜಿಗೆ ಕೊಂಡೊಯ್ದು ಅಧ್ಯಾಪಕರೊಡನೆ ಚರ್ಚಿಸಿದಳು. ಅವರು ಭಾಷಾವಿಜ್ಞಾನದ ಪುಸ್ತಕ ಕೊಟ್ಟರು. ಹಿಂತಿರುಗಿ ಬಂದವಳು ಬರೆಸುವುದನ್ನು ಬಿಟ್ಟು, ಜೋಡಿಪದಗಳನ್ನು ಗಟ್ಟಿಯಾಗಿ ಓದಿಸತೊಡಗಿದಳು: ಅಲ್ಲಿ, ಹಲ್ಲಿ, ಆರು, ಹಾರು. ಕೆಲವು ವಾರಗಳಲ್ಲಿ ತಪ್ಪುಗಳು ತಗ್ಗಿದವು. ಅದಕ್ಕಿಂತ ಹೆಚ್ಚಾಗಿ, ಆ ಹುಡುಗಿ ತಲೆಯೆತ್ತಿ ಓದಲು ಕಲಿತಳು.

ವ್ಯಾಕರಣ ಕಲಿತ ಪಂಡಿತನಿಗೆ ಕಾಣದೆ ಹೋದದ್ದು ಇನ್ನೂ ಪದವಿ ಪಡೆಯದ ಆಕೆಗೆ ಕಂಡದ್ದೇಕೆ? ಒಂದೇ ತರಗತಿಯೊಡನೆ ವಾರಗಟ್ಟಲೆ ಇದ್ದಳು. ಕಂಡದ್ದನ್ನು ಕೇಳಲು ಅವಳಿಗೊಂದು ವಿದ್ವತ್ತಿನ ಮನೆಯಿತ್ತು. ಇವೆರಡೂ ಕೂಡಿದಾಗಲೇ ಉಪಾಧ್ಯಾಯರ ಶಿಕ್ಷಣ ಸಾರ್ಥಕ. ಶಾಲೆಯಿಲ್ಲದ ಶಾಸ್ತ್ರ ಬರಿಯ ಟಿಪ್ಪಣಿಯಾಗುತ್ತದೆ. ಶಾಸ್ತ್ರವಿಲ್ಲದ ಅನುಭವ ನನ್ನ ಕೆಂಪು ಶಾಯಿಯಂತೆ ರೂಢಿಯಾಗುತ್ತದೆ.

ಬಿ.ಎಡ್. ವ್ಯಾಸಂಗವನ್ನು 2015ರಲ್ಲಿ ಎರಡು ವರ್ಷಕ್ಕೆ ಏರಿಸಿ, 20 ವಾರಗಳ ಶಾಲಾನುಭವವನ್ನು ವಿಧಿಸಿದುದರ ಹಿಂದಿನ ನ್ಯಾಯ ಇದೇ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಇನ್ನೂ ಮುಂದೆ ಹೋಗಿ, 2030ರ ವೇಳೆಗೆ ನಾಲ್ಕು ವರ್ಷದ ಸಂಯುಕ್ತ ಪದವಿಯೇ ಉಪಾಧ್ಯಾಯರ ಕನಿಷ್ಠ ಅರ್ಹತೆಯಾಗಬೇಕು, ಅದನ್ನು ಹಲವು ಶಾಸ್ತ್ರಗಳ ವ್ಯಾಸಂಗವಿರುವ ಸಂಸ್ಥೆಗಳೇ ಕೊಡಬೇಕು ಎಂದಿದೆ. ಅದೇ ನೀತಿಯು 2012ರ ವರ್ಮಾ ಆಯೋಗವನ್ನು ಆಧರಿಸಿ ಹೇಳಿದ ಇನ್ನೊಂದು ಮಾತು ಕಹಿಯಾದುದು: 10,000ಕ್ಕೂ ಮಿಕ್ಕಿದ ಒಂಟಿ ತರಬೇತಿ ಕಾಲೇಜುಗಳಲ್ಲಿ ಬಹುಪಾಲು ನಿಜವಾಗಿ ಕಲಿಸಲು ಯತ್ನಿಸುವುದೇ ಇಲ್ಲ, ಹಣಕ್ಕೆ ಪದವಿ ಮಾರುತ್ತಿವೆ. ಹೀಗಿರುವಾಗ ವರ್ಷಗಳನ್ನು ಹೆಚ್ಚಿಸಿದ ಮಾತ್ರಕ್ಕೆ ಗುಣ ಹೆಚ್ಚೀತೆ? ಹಾಜರಿ ಪುಸ್ತಕದಲ್ಲಿ ಮಾತ್ರ ನಡೆಯುವ 20 ವಾರ, ನನ್ನ ಕಾಲದ ಹತ್ತು ನಿಮಿಷಕ್ಕಿಂತ ಮೇಲಲ್ಲ.

ಇದರಲ್ಲಿ ಶಾಲೆಯವರಾದ ನಮ್ಮ ಪಾಲೂ ಇದೆ. ತರಬೇತಿಯ ವಿದ್ಯಾರ್ಥಿಗಳು ಬಂದರೆ ನಮಗೆ ಬಿಡುವು ಸಿಕ್ಕಿತೆಂದು ಉತ್ತರಪತ್ರಿಕೆಗಳ ಕಟ್ಟು ಹಿಡಿದು ಕೊಠಡಿ ಸೇರಿದವರಲ್ಲಿ ನಾನೂ ಒಬ್ಬ. ಈಗ ಹಾಗೆ ಮಾಡುತ್ತಿಲ್ಲ. ಹಿಂದಿನ ಬೆಂಚಿನಲ್ಲಿ ಕುಳಿತು ಪೂರ್ತಿ ಪಾಠವನ್ನು ಕೇಳುತ್ತೇನೆ. ಆಮೇಲೆ ಇಬ್ಬರೂ ಕೂಡಿ ಮಕ್ಕಳ ಪುಸ್ತಕಗಳನ್ನು ತೆರೆದು ನೋಡುತ್ತೇವೆ. ಆ ಪಾಠವನ್ನು ಮರುದಿನ ನಾನು ಮತ್ತೆ ಮಾಡುವುದಿಲ್ಲ.

ಕೌಶಿಕಿಯ ತೀರ್ಪು ಸರಿಯಾದುದು. ಆಚಾರ್ಯರ ಪರೀಕ್ಷೆ ನಡೆಯುವುದು ಶಿಷ್ಯರಲ್ಲಿ. ಆಚಾರ್ಯರನ್ನು ಸಿದ್ಧಗೊಳಿಸುವ ವಿಶ್ವವಿದ್ಯಾನಿಲಯದ ಪರೀಕ್ಷೆಯೂ ಅಲ್ಲಿಯೇ, ಎಂಟನೆಯ ತರಗತಿಯ ಬೆಂಚಿನ ಮೇಲೆ.