ಉಪಗ್ರಹದ ಕಣ್ಣಿಗೆ ನಮ್ಮ ಗ್ರಾಮದ ಗಡಿ

ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಆರನೆಯ ಕರಡು ಅಧಿಸೂಚನೆ 2024ರ ಜುಲೈ 31ರಂದು ಹೊರಬಿದ್ದಿತು. ಅಂದಿನಿಂದ ನಮ್ಮ ಸದಸ್ಯರು ಕೇಳುತ್ತಿರುವುದು ಒಂದೇ ಪ್ರಶ್ನೆ: ಪಕ್ಕದ ಗ್ರಾಮ ಪಟ್ಟಿಯಲ್ಲಿಲ್ಲ, ನಮ್ಮದು ಹೇಗೆ ಸೇರಿತು?

ಇದರ ಮೂಲ 2013ರ ಕಸ್ತೂರಿರಂಗನ್ ವರದಿಯಲ್ಲಿದೆ. ಆ ಸಮಿತಿ ಉಪಗ್ರಹ ಚಿತ್ರಗಳನ್ನು ಆಧರಿಸಿ, ಗ್ರಾಮವನ್ನೇ ಘಟಕವಾಗಿ ಹಿಡಿಯಿತು. ಜೀವವೈವಿಧ್ಯವುಳ್ಳ ನೈಸರ್ಗಿಕ ಭೂಭಾಗ ಶೇಕಡ 20 ಅಥವಾ ಹೆಚ್ಚು ಇದ್ದರೆ ಇಡೀ ಗ್ರಾಮವೇ ಪಟ್ಟಿಗೆ ಸೇರಿತು. ಅಂದಮೇಲೆ ಒಂದು ಕಾಡುಗುಡ್ಡ ಗಡಿಗೆರೆಯ ಈಚೆಗೆ ಬಿದ್ದಿತೋ ಆಚೆಗೋ ಎಂಬುದರ ಮೇಲೆ ಗ್ರಾಮದ ಲೆಕ್ಕವೇ ಬದಲಾಗಬಹುದು. ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್.

ಆದರೆ ಉಪಗ್ರಹಕ್ಕೆ ಗಡಿ ಕಾಣುವುದಿಲ್ಲ. ಅದಕ್ಕೆ ಕಾಣುವುದು ಮರ, ಹಳ್ಳ, ರಸ್ತೆ, ಸೂರು. ಗಡಿ ಇರುವುದು ಕಾಗದದಲ್ಲಿ ಮತ್ತು ಬಾಂದು ಕಲ್ಲಿನಲ್ಲಿ. ಹಳೆಯ ಗ್ರಾಮ ನಕಾಶೆಯನ್ನು ಗಣಕಯಂತ್ರಕ್ಕೆ ಏರಿಸಿ, ಚಿತ್ರದಲ್ಲೂ ನೆಲದಲ್ಲೂ ಗುರುತು ಸಿಗುವ ಕೆಲವು ಜಾಗಗಳನ್ನು ಹಿಡಿದು, ಉದಾಹರಣೆಗೆ ಮೂರು ಗ್ರಾಮ ಕೂಡುವ ಮೂಲೆಯ ಕಲ್ಲು, ರಸ್ತೆ ಕೂಡುವೆಡೆ, ಕೆರೆ ಏರಿಯ ತುದಿ, ನಕಾಶೆಯನ್ನು ಚಿತ್ರದ ಮೇಲೆ ಕೂರಿಸುತ್ತಾರೆ. ಬಯಲು ಸೀಮೆಯಲ್ಲಿ ಈ ಕೆಲಸ ಸಲೀಸು. ಮಲೆನಾಡಿನಲ್ಲಿ ಕಲ್ಲು ಮರದ ನೆರಳಿನಡಿ ಮುಚ್ಚಿಹೋಗಿರುತ್ತದೆ. ಇಳಿಜಾರಿನಲ್ಲಿ ಚಿತ್ರವೂ ಅಷ್ಟಿಷ್ಟು ವಾಲುತ್ತದೆ. ನಕಾಶೆಯ ಹಳ್ಳ ಒಂದು ಕಡೆ, ಇಂದು ಹರಿಯುವ ಹಳ್ಳ ಇನ್ನೊಂದು ಕಡೆ.

ಅಳತೆಯನ್ನೂ ನೋಡೋಣ. ನಮ್ಮ ಗ್ರಾಮ ನಕಾಶೆಗಳು ಸಾಮಾನ್ಯವಾಗಿ ಮೈಲಿಗೆ ಎಂಟು ಅಂಗುಲದವು. ಅದರಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಗೆರೆ ನೆಲದ ಮೇಲೆ ಸುಮಾರು 4 ಮೀಟರ್. ಒಂಬತ್ತು ಅಡಿ ಅಂತರದ ಅಡಿಕೆ ತೋಟದಲ್ಲಿ ಒಂದೂವರೆ ಸಾಲು. ಸಮಿತಿ ಬಳಸಿದ ಚಿತ್ರದ ಒಂದು ಚೌಕವೋ 24 ಮೀಟರ್ ಉದ್ದಗಲದ್ದು, ಅಂದರೆ ಐದೂಮುಕ್ಕಾಲು ಗುಂಟೆಗೆ ಹತ್ತಿರ. ಅಷ್ಟು ಜಾಗದಲ್ಲಿ ಎಂಬತ್ತು ಅಡಿಕೆ ಮರ ನಿಲ್ಲುತ್ತದೆ! ಇಂಥ ಚಿತ್ರದಲ್ಲಿ ನೆರಳಿನ ಕಾಫಿ ತೋಟ ಯಾವುದು, ಸೊಪ್ಪಿನ ಬೆಟ್ಟ ಯಾವುದು, ಕೊಡಗಿನ ಬಾಣೆ ಯಾವುದು, ಕಾಡು ಯಾವುದು ಎಂದು ಬೇರ್ಪಡಿಸುವುದು ಕಷ್ಟ. ಮರ ಉಳಿಸಿಕೊಂಡ ಬೆಳೆಗಾರನೇ ಕಾಡಿನ ಲೆಕ್ಕಕ್ಕೆ ಸೇರುವಂತಾದರೆ ಅದು ನ್ಯಾಯವಲ್ಲ ಎಂದು ನಾವು ಭಾವಿಸುತ್ತೇವೆ. ಹಾಗೆಂದು ಗಾಬರಿಯೂ ಬೇಡ. ಕರಡಿನ ನಿಷೇಧದ ಪಟ್ಟಿಯಲ್ಲಿ ಗಣಿ, ಕಲ್ಲುಕೋರೆ, ಮರಳುಗಾರಿಕೆ, ಹೊಸ ಉಷ್ಣ ವಿದ್ಯುತ್ ಸ್ಥಾವರಗಳಂಥವು ಇವೆಯೇ ಹೊರತು ಕೃಷಿಯಾಗಲಿ ತೋಟವಾಗಲಿ ಇಲ್ಲ.

ಕೇರಳದವರು ಬರಿಯ ವಿರೋಧಕ್ಕೆ ನಿಲ್ಲಲಿಲ್ಲ. ಊಮ್ಮನ್ ಸಮಿತಿ ನೇಮಿಸಿ, ಪಂಚಾಯಿತಿ ಮಟ್ಟದಲ್ಲಿ ನಕಾಶೆ ಹಿಡಿದು ನೆಲ ಪರಿಶೀಲಿಸಿ, 13,108 ಚದರ ಕಿಲೋಮೀಟರನ್ನು 9,993.7ಕ್ಕೆ ಇಳಿಸಿ ತೋರಿಸಿದರು. 2014ರ ಕರಡು ಆ ಲೆಕ್ಕವನ್ನು ಒಪ್ಪಿಕೊಂಡಿತು.

ನಮ್ಮಲ್ಲಿ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರದ 'ದಿಶಾಂಕ್' ಮೊಬೈಲಿನಲ್ಲೇ ಸರ್ವೆ ನಂಬರು, ಗ್ರಾಮದ ಗಡಿ ತೋರಿಸುತ್ತದೆ. ತೋಟದ ಮೂಲೆಗಳಲ್ಲಿ ನಿಂತು ನೋಡಿ. ಕಲ್ಲಿಗೂ ಗೆರೆಗೂ ಎಷ್ಟು ಅಂತರವೆಂದು ಬರೆದಿಡಿ. ನಾಲ್ಕಾರು ಮೀಟರ್ ವ್ಯತ್ಯಾಸ ಮೊಬೈಲಿನದೇ ಇರಬಹುದು, ಅದಕ್ಕಾಗಿ ನೆರೆಯವರೊಡನೆ ಜಗಳ ಬೇಡ. ವ್ಯತ್ಯಾಸ ದೊಡ್ಡದಿದ್ದರೆ ಹದ್ದುಬಸ್ತಿಗೆ ಅರ್ಜಿ ಹಾಕಿ, ಟಿಪ್ಪಣಿ, ಆಕಾರಬಂದ್ ನಕಲು ತೆಗೆಸಿಕೊಳ್ಳಿ. ಕರಡು ಪ್ರಕಟವಾದಾಗ ಆಕ್ಷೇಪಣೆಗೆ ಸಿಗುವುದು 60 ದಿನ ಮಾತ್ರ. ಸರ್ವೆಯರ್ ಬರುವುದಕ್ಕೇ ಅಷ್ಟು ದಿನ ಸಾಲದು.