ಬೀಟಲ್ ಕಾರಿನ ಒಳಾಂಗಣ: ಸೀಟಿಗೆ ಮೊದಲು ನೆಲ ನೋಡಿ

ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣು ಬೀಳುವುದು ಹರಿದ ಸೀಟಿನ ಮೇಲೆ. ಕುಶನ್ ಅಂಗಡಿಗೆ ಹೋಗಿ ರೆಕ್ಸಿನ್ ಬಣ್ಣ ಆರಿಸುವ ಆತುರ. ಸೀಟು ಕೊನೆಯ ಕೆಲಸ. ಮೊದಲು ಸೀಟುಗಳನ್ನೆಲ್ಲ ಹೊರಗಿಟ್ಟು, ಮ್ಯಾಟು, ಕಾರ್ಪೆಟ್ಟು, ಅದರಡಿಯ ಡಾಂಬರು ಹಾಳೆ ಎಲ್ಲ ಕಿತ್ತು ಬರಿ ತಗಡು ಕಾಣಿಸಿ. ಸ್ಕ್ರೂಡ್ರೈವರ್ ತುದಿಯಿಂದ ಮೂಲೆಮೂಲೆ ಒತ್ತಿ ನೋಡಿ. ಗಟ್ಟಿ ತಗಡು ಜಗ್ಗುವುದಿಲ್ಲ. ತುಕ್ಕು ತಿಂದದ್ದು ಹಪ್ಪಳದ ಹಾಗೆ ಪುಡಿಯಾಗುತ್ತದೆ.

ಈ ಕಾರಿನ ನೆಲ ಎರಡು ಭಾಗ. ನಡುವೆ ಬೆನ್ನುಮೂಳೆಯಂತೆ ಒಂದು ಉದ್ದನೆಯ ಟನಲ್, ಅದರ ಎಡಬಲಕ್ಕೆ ಒಂದೊಂದು ತಗಡು. ಹಿಂದಿನ ಸೀಟಿನ ಬಲಗಡೆ ಅಡಿಯಲ್ಲಿ ಬ್ಯಾಟರಿ ಇರುವುದರಿಂದ ಆ ಮೂಲೆಯೇ ಸಾಮಾನ್ಯವಾಗಿ ಮೊದಲು ಹೋಗುತ್ತದೆ. ಸೋರಿದ ಆಮ್ಲವನ್ನು ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಚೆನ್ನಾಗಿ ಒಣಗಿಸಿಯೇ ಮುಂದಿನ ಕೆಲಸ. ತೇಪೆ ಹಾಕಲಾಗದಷ್ಟು ಹಾಳಾಗಿದ್ದರೂ ಎದೆಗುಂದಬೇಡಿ. 2003ರ ಜುಲೈ 30ರಂದು ಮೆಕ್ಸಿಕೋದ ಪುಯೆಬ್ಲಾದಲ್ಲಿ ಕೊನೆಯ ಬೀಟಲ್ ಹೊರಬರುವ ಹೊತ್ತಿಗೆ 2 ಕೋಟಿ 15 ಲಕ್ಷಕ್ಕೂ ಹೆಚ್ಚು ಕಾರು ತಯಾರಾಗಿದ್ದವು. ಹಾಗಾಗಿ ನೆಲದ ತಗಡು ಇಂದಿಗೂ ಹೊಸದಾಗಿ ಸಿಗುತ್ತದೆ.

ಬಾಗಿಲ ಕೆಳಗಿನ ಟೊಳ್ಳು ಪಟ್ಟಿಯನ್ನು ಮಾತ್ರ ಹಗುರವಾಗಿ ಕಾಣಬೇಡಿ. ಎಂಜಿನ್ ಗಾಳಿಯಿಂದ ತಣಿಯುವಂಥದ್ದು. ರೇಡಿಯೇಟರ್ ಇಲ್ಲ, ಹೀಟರಿಗೆ ಬಿಸಿನೀರೂ ಇಲ್ಲ. ಎಂಜಿನ್ನಿನ ಫ್ಯಾನು ದೂಡಿದ ಗಾಳಿ ಎಕ್ಸಾಸ್ಟ್ ಕೊಳವೆಯ ಸುತ್ತಲಿನ ಕವಚದಲ್ಲಿ ಬಿಸಿಯಾಗಿ, ಈ ಟೊಳ್ಳಿನೊಳಗಿಂದಲೇ ಹಾದು ಕಾಲಬುಡಕ್ಕೂ ಮುಂದಿನ ಗಾಜಿಗೂ ತಲುಪುತ್ತದೆ. ಜರ್ಮನಿಯ ಚಳಿಗೆಂದು ಮಾಡಿದ ಏರ್ಪಾಟು ಇದು. ಅದೇ ಪಟ್ಟಿ ಬಾಡಿಯ ಭಾರವನ್ನೂ ಹೊರುತ್ತದೆ. ಅದನ್ನು ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣ ವೆಲ್ಡ್ ಮಾಡಿಸಿ. ಇಲ್ಲವಾದರೆ ಬಾಡಿ ಕುಸಿದು ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ. ಎಕ್ಸಾಸ್ಟಿನ ಕವಚದೊಳಗೆ ಸೋರಿಕೆ ಇದ್ದರೆ ವಿಷಗಾಳಿ ನೇರ ಕಾರಿನೊಳಕ್ಕೆ ಬರುತ್ತದೆ. ಅದನ್ನು ಪರೀಕ್ಷಿಸದೆ ಹೀಟರ್ ತೆರೆಯಲೇಬಾರದು.

ನೆಲ ಗಟ್ಟಿಯಾದ ಮೇಲೆ ವೈರಿಂಗ್, ಆಮೇಲೆ ಚಾವಣಿಯ ಹೊದಿಕೆ. ತಾಳ್ಮೆ ಬೇಡುವ ಕೆಲಸ ಇದೇ. ಹೊದಿಕೆಯ ಬೆನ್ನಿಗೆ ಹೊಲಿದ ತೋಳುಗಳಲ್ಲಿ ಬಿಲ್ಲಿನಂತೆ ಬಾಗಿದ ಸರಳುಗಳು ಕೂರುತ್ತವೆ. ಪ್ರತಿ ಸರಳಿನ ಬಾಗು ಬೇರೆ. ಹಳೆಯದನ್ನು ಬಿಚ್ಚುವಾಗಲೇ ಒಂದೊಂದಕ್ಕೂ ಟೇಪು ಸುತ್ತಿ ನಂಬರು ಬರೆಯಿರಿ. ಅಂಚುಗಳು ಗಾಜಿನ ರಬ್ಬರ್ ಬೀಡಿಂಗ್ ಅಡಿಗೆ ಹೋಗುವುದರಿಂದ ಮುಂದಿನ, ಹಿಂದಿನ ಗಾಜು ತೆಗೆಯಲೇಬೇಕು. ವಿನೈಲ್ ಹೊದಿಕೆಯನ್ನು ಸ್ವಲ್ಪ ಹೊತ್ತು ಬಿಸಿಲಿಗೆ ಹರಡಿ, ಮೆತ್ತಗಾದಾಗ ನಡುವಿನಿಂದ ಮುಂದಕ್ಕೂ ಹಿಂದಕ್ಕೂ ಎಳೆಯಿರಿ, ಬದಿಗಳನ್ನು ಕೊನೆಗೆ. ಮೊದಲು ಕ್ಲಿಪ್ಪು, ಸುಕ್ಕೆಲ್ಲ ಹೋದ ಮೇಲೆ ಅಂಟು.

ಬಾಗಿಲ ವಿಷಯ ಸರಳ. ಕಿಟಕಿಯ ಸಂದಿಯಿಂದ ಮಳೆನೀರು ಬಾಗಿಲೊಳಗೆ ಇಳಿದೇ ಇಳಿಯುತ್ತದೆ, ಕೆಳಗಿನ ತೂತಿನಿಂದ ಹೋಗುತ್ತದೆ. ಆ ತೂತು ಬಿಡಿಸಿ, ಬಾಗಿಲ ಒಳಬದಿಯ ಪ್ಯಾಡಿನ ಹಿಂದೆ ಪ್ಲಾಸ್ಟಿಕ್ ಹಾಳೆ ಅಂಟಿಸಿ. ಹಾಳೆ ಬಿಟ್ಟರೆ ಹೊಸ ಪ್ಯಾಡು ತೇವ ಕುಡಿದು ಉಬ್ಬುತ್ತದೆ.

ಇನ್ನು ಸೀಟು. ಹಳೆಯ ಸೀಟು ಬಿಚ್ಚಿದರೆ ಸ್ಪ್ರಿಂಗುಗಳ ಮೇಲೆ ಕುದುರೆ ಕೂದಲೋ ರಬ್ಬರ್ ಹಾಲು ಹಿಡಿಸಿದ ತೆಂಗಿನ ನಾರೋ ಕಾಣುತ್ತದೆ. ತಿಪಟೂರು, ಗುಬ್ಬಿ ಕಡೆಯವರಿಗೆ ಕೈಗೆ ಹತ್ತಿದ ಪದಾರ್ಥ ಅದು. ಹಳೆಯ ಬೀಟಲ್ ಬಾಗಿಲು ತೆರೆದಾಗ ಮೂಗಿಗೆ ಬಡಿಯುವ ವಾಸನೆಯಲ್ಲಿ ಈ ನಾರಿನ ಪಾಲೂ ಇದೆ. ಕುಶನ್‌ನವರು ಫೋಮ್ ತುಂಬಿಕೊಡುತ್ತೇವೆ ಎನ್ನಬಹುದು, ಒಪ್ಪಬೇಡಿ. ಫೋಮಿನ ಸೀಟಿನಲ್ಲಿ ಗಾಳಿಯಾಡುವುದು ಕಡಿಮೆ, ಕೂತಾಗಿನ ಎತ್ತರವೂ ಬದಲಾಗುತ್ತದೆ. ತುಕ್ಕು ಕೆರೆದು ಬಣ್ಣ ಹಚ್ಚಿದ ಸ್ಪ್ರಿಂಗಿನ ಮೇಲೆ ಗೋಣಿಬಟ್ಟೆ, ಅದರ ಮೇಲೆ ನಾರಿನ ಪ್ಯಾಡು, ತೆಳು ಹತ್ತಿ, ಕೊನೆಗೆ ಹೊದಿಕೆ ಇರಲಿ.

ಹಿಂದಿನ ಸೀಟು ಕೂರಿಸುವ ಮುನ್ನ ಬ್ಯಾಟರಿಯ ಮೇಲೆ ಮುಚ್ಚಳ ಇದೆಯೇ ಎಂದು ಕೈಯಾರೆ ಮುಟ್ಟಿ ನೋಡಿ. ಮೂವರು ಕೂತಾಗ ಸ್ಪ್ರಿಂಗು ಕೆಳಗೆ ಜಗ್ಗಿ ಟರ್ಮಿನಲ್‌ಗೆ ತಾಗಿದರೆ ಕಿಡಿ ಹಾರುತ್ತದೆ, ಒಣ ನಾರು ಹೊತ್ತಿಕೊಳ್ಳುತ್ತದೆ. ಮುಚ್ಚಳವಿಲ್ಲದ ಬೀಟಲ್‌ನಲ್ಲಿ ಯಾರನ್ನೂ ಹಿಂದೆ ಕೂರಿಸಬೇಡಿ.